ಲೆಕ್ಕದ ಮೇಜು: ಮೊದಲು ಸಾಲು, ಆಮೇಲೆ ಬಣ್ಣ

ಡೆವನ್ ಅವೆನ್ಯೂ ಅಂಗಡಿಗಳಲ್ಲಿ ಹಗಲು ದುಡಿದು ರಾತ್ರಿ ಪ್ರೋಗ್ರಾಮಿಂಗ್ ಕಲಿಯುವ ಹುಡುಗರು ನಮ್ಮಲ್ಲಿದ್ದಾರೆ. ಅವರದು ಒಂದೇ ಪ್ರಶ್ನೆ: "ಸಾರ್, ಬಿಲ್ಲಿಂಗ್ ಪ್ರೋಗ್ರಾಂ ಓಡುತ್ತೆ, ಆದ್ರೆ ಸ್ಕ್ರೀನ್ ಗಲೀಜು ಕಾಣುತ್ತೆ. ಚಿತ್ರ ಬರೆಯೋಕೆ ಬರದವರು ಡಿಸೈನ್ ಕಲೀಬಹುದಾ?"

ಖಂಡಿತ ಕಲಿಯಬಹುದು. ಈ ವಿದ್ಯೆ ಚಿತ್ರಕಲೆಗಿಂತ ಖಾತೆ ಪುಸ್ತಕಕ್ಕೆ ಹತ್ತಿರ.

ಬಿಕಾಂ ಮಾಡಿದವರಿಗೆಲ್ಲ ಟ್ಯಾಲಿ ಗೊತ್ತು. 1986ರಲ್ಲಿ ಶುರುವಾದ ಬೆಂಗಳೂರಿನ ಕಂಪನಿಯದು. ನೋಡಲು ಅಂಥ ಚೆಂದವೇನಲ್ಲ. ಆದರೆ ಎಫ್5 ಪೇಮೆಂಟು, ಎಫ್6 ರಸೀದಿ, ಎಫ್8 ಮಾರಾಟ ಅಂತ ಪರದೆಯ ಬಲಗಡೆ ಬರೆದೇ ಇರುತ್ತೆ. ನೆನಪಿಟ್ಟುಕೊಳ್ಳುವ ಹೊರೆ ನಮಗಿಲ್ಲ. ಇಂಥದ್ದನ್ನು ಗಮನಿಸುವುದೇ ಮೊದಲ ಪಾಠ.

ಎರಡನೆಯದು ಸಾಲು. ಹೆಸರು ಎಡಕ್ಕೆ, ಅಂಕಿ ಬಲಕ್ಕೆ. ಸೆಂಟಿನ ಚುಕ್ಕಿಗಳು ಒಂದರ ಕೆಳಗೊಂದು ನಿಂತರೆ, 12.50 ಇರಬೇಕಾದಲ್ಲಿ 125.00 ಬಿದ್ದದ್ದು ತಕ್ಷಣ ಕಾಣುತ್ತೆ. ತಾರೀಖಿನಲ್ಲಿ ತಿಂಗಳ ಹೆಸರು ಅಕ್ಷರದಲ್ಲಿರಲಿ. 5/4 ಅಂದರೆ ಊರಲ್ಲಿ ಏಪ್ರಿಲ್, ಇಲ್ಲಿ ಮೇ.

ಮೂರನೆಯದು ಜಾಗ. ಸಂಬಂಧ ಇರೋದು ಹತ್ತಿರ, ಇಲ್ಲದ್ದು ದೂರ. ಕನ್ನಡದಲ್ಲಿ 'ಉಳಿಸು', 'ಅಳಿಸು' ಗುಂಡಿಗಳಿಗೆ ಒಂದೇ ಅಕ್ಷರದ ವ್ಯತ್ಯಾಸ. ಅವನ್ನು ಪಕ್ಕಪಕ್ಕ ಇಡಲೇಬೇಡಿ. ಒತ್ತಕ್ಷರ ಕತ್ತರಿಸಿಹೋಗದಂತೆ ಗುಂಡಿಯ ಕೆಳಗಡೆ ಸ್ವಲ್ಪ ಜಾಗ ಬಿಡಿ. ಹೆಚ್ಚು ಬಳಸುವ ಗುಂಡಿ ದೊಡ್ಡದಿರಲಿ. ಗುರಿ ದೊಡ್ಡದಾಗಿ, ಹತ್ತಿರ ಇದ್ದಷ್ಟೂ ಕೈ ಬೇಗ ತಲುಪುತ್ತೆ ಅಂತ ಪಾಲ್ ಫಿಟ್ಸ್ 1954ರಲ್ಲೇ ಅಳೆದು ತೋರಿಸಿದ್ದಾರೆ.

ಬಣ್ಣ ಕೊನೆಗೆ. ಮೊದಲು ಕಪ್ಪು-ಬಿಳುಪಿನಲ್ಲೇ ಪರದೆ ಅರ್ಥವಾಗಬೇಕು. ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಕೆಂಪು-ಹಸಿರಿನ ವ್ಯತ್ಯಾಸ ಸರಿಯಾಗಿ ತಿಳಿಯಲ್ಲ. ಅದಕ್ಕೇ ತಪ್ಪನ್ನು ಕೆಂಪಿನಲ್ಲಿ ತೋರಿಸಿದರೆ ಸಾಲದು, ಏನು ತಪ್ಪು ಅಂತ ಮಾತಿನಲ್ಲೂ ಬರೆಯಿರಿ.

ಇಷ್ಟೆಲ್ಲ ಯಾಕೆ ಅಂದರೆ, ಶನಿವಾರ ಸಂಜೆ ಕ್ಯೂ ಬಾಗಿಲವರೆಗೆ ಬೆಳೆದಾಗ ಕೌಂಟರಿನಲ್ಲಿ ನಿಲ್ಲೋದು ನಮ್ಮವರೇ. ಇಂಗ್ಲಿಷ್ ಓದೋದು ಕೆಲವರಿಗೆ ನಿಧಾನ. ರಾತ್ರಿ ಗಲ್ಲಾ ತಾಳೆಯಾಗದಿದ್ದರೆ ಸ್ಕ್ರೀನನ್ನು ಯಾರೂ ಬೈಯಲ್ಲ, ನಿಂತವರನ್ನೇ ಬೈಯುತ್ತಾರೆ. ಕೆಲವು ಕಡೆ ಸಂಬಳಕ್ಕೇ ಕೈ ಹಾಕುತ್ತಾರೆ. ಲೆಕ್ಕ ನೋಡುವವನಾಗಿ ಇದನ್ನು ಹಲವು ಸಲ ಕಂಡಿದ್ದೇನೆ.

ಹಾಗಾಗಿ ನಿಮ್ಮ ಸ್ಕ್ರೀನನ್ನು ಇನ್ನೊಬ್ಬ ಪ್ರೋಗ್ರಾಮರಿಗಿಂತ ಮೊದಲು ಕೌಂಟರಿನ ಅಕ್ಕನಿಗೆ ತೋರಿಸಿ. ಐದು ಬಿಲ್ ಹಾಕಲು ಹೇಳಿ ಸುಮ್ಮನೆ ಪಕ್ಕದಲ್ಲಿ ಕೂತ್ಕೊಳ್ಳಿ. "ಅಲ್ಲಿ ಒತ್ತಿ" ಅಂತ ಬಾಯಿ ಬಿಡಬೇಡಿ. ಅವರ ಕೈ ಎಲ್ಲೆಲ್ಲಿ ತಡವರಿಸುತ್ತೋ ಗುರುತು ಹಾಕಿಕೊಂಡು, ಆ ರಾತ್ರಿಯೇ ಅಷ್ಟನ್ನು ತಿದ್ದಿ.