ಸಹಿ ಮಗುವಿಗೆ, ನಿಯಮ ಸಿಬ್ಬಂದಿಗೆ

2021ರ ಸೆಪ್ಟೆಂಬರಿನಲ್ಲಿ ಕಾರ್ಡೇಲಿಯಾ ಕಂಪನಿಯ ‘ಎಂಪ್ರೆಸ್’ ಹಡಗು ಮುಂಬಯಿಯಿಂದ ವಿಹಾರಯಾನ ಆರಂಭಿಸಿದಂದಿನಿಂದ ಹುಬ್ಬಳ್ಳಿ-ಧಾರವಾಡದ ಜೈನ ಮನೆತನಗಳಿಗೂ ಸಮುದ್ರವು ಹತ್ತಿರವಾಗಿದೆ. ರಾತ್ರಿ ಬಸ್ಸು ಹತ್ತಿದರೆ ಬೆಳಗಿಗೆ ಮುಂಬಯಿ. ಹಡಗಿನಲ್ಲಿ ಜೈನ ಭೋಜನದ ಏರ್ಪಾಡೂ ಉಂಟು. ಹೆಚ್ಚಿನ ಅನುಕೂಲವುಳ್ಳವರು ಸಿಂಗಪುರದಿಂದ ಹೊರಡುವ ದೊಡ್ಡ ಹಡಗುಗಳನ್ನೂ ಏರುತ್ತಿದ್ದಾರೆ. ಶ್ರಾವಕನಿಗೆ ಇಂತಹ ಯಾನವು ಉಚಿತವೇ ಎಂಬ ಪ್ರಶ್ನೆಯನ್ನು ಕೆಲವು ಹಿರಿಯರು ಎತ್ತುತ್ತಾರೆ. ದಿಗ್ವ್ರತದ ಎಲ್ಲೆಗಳನ್ನು ಹೇಳುವಾಗ ಸಮಂತಭದ್ರಾಚಾರ್ಯರು ಸಮುದ್ರವನ್ನೂ ಎಣಿಸಿದ್ದಾರೆ ನಿಜ. ಆದರೆ ಅದು ಆ ವ್ರತವನ್ನು ಸ್ವೀಕರಿಸಿದವರ ಪ್ರಶ್ನೆ. ಟಿಕೆಟ್ಟು ಕೊಂಡಾದ ಮೇಲೆ ಕೇಳುವಂಥದೂ ಅಲ್ಲ. ಇಲ್ಲಿ ವಿಚಾರಣೀಯವಾದುದು ಬೇರೆ.

ಈ ಹಡಗುಗಳಲ್ಲಿ ‘ಕಿಡ್ಸ್ ಕ್ಲಬ್’ ಎಂಬ ಮಕ್ಕಳ ಕೂಟ ಇರುತ್ತದೆ. ವಯಸ್ಸಿಗೆ ತಕ್ಕಂತೆ ಗುಂಪು, ಆಟ, ಚಿತ್ರಕಲೆ, ನೋಡಿಕೊಳ್ಳಲು ತರಬೇತಿ ಪಡೆದ ಸಿಬ್ಬಂದಿ. ಪಾಲಕರು ಸಹಿ ಮಾಡಿ ಮಗುವನ್ನು ಒಪ್ಪಿಸಿ, ಮತ್ತೆ ಸಹಿ ಮಾಡಿ ಕರೆದೊಯ್ಯಬೇಕು. ಹಲವು ವಿದೇಶೀ ಕಂಪನಿಗಳ ಹಡಗುಗಳಲ್ಲಿ ರಾತ್ರಿ ಹತ್ತರವರೆಗೆ ಇದು ಉಚಿತ. ನಂತರ ಗಂಟೆಯ ಲೆಕ್ಕದಲ್ಲಿ ಶುಲ್ಕ. ಒಂಬತ್ತು ಹತ್ತು ವರ್ಷದ ಮಕ್ಕಳಿಗೆ ಇನ್ನೊಂದು ಸೌಲಭ್ಯವನ್ನು ಕೆಲವು ಕಂಪನಿಗಳು ನೀಡುತ್ತವೆ: ಪಾಲಕರು ಮೊದಲೇ ಲಿಖಿತ ಒಪ್ಪಿಗೆ ಕೊಟ್ಟಿದ್ದರೆ ಮಗುವು ತಾನೇ ಸಹಿ ಮಾಡಿ ಹೊರಬರಬಹುದು.

ಈ ಒಪ್ಪಿಗೆಯನ್ನು ಸಮಾಜದ ಪಾಲಕರು ಮಗುವಿಗೆ ಸ್ವಾತಂತ್ರ್ಯ ಕೊಟ್ಟೆವೆಂಬ ಹೆಮ್ಮೆಯಿಂದ ಹೇಳಿಕೊಳ್ಳತೊಡಗಿದ್ದಾರೆ. ಕೊಟ್ಟವರು ಯಾರು, ಪಡೆದವರು ಯಾರು ಎಂದು ಸ್ವಲ್ಪ ಲೆಕ್ಕ ಹಾಕಿದರೆ ಜಮೆಯ ಬದಿಯಲ್ಲಿ ಬೇರೆಯೇ ಹೆಸರು ಕಾಣುತ್ತದೆ. ತಂದೆತಾಯಿಗೆ ನಾಲ್ಕು ದಿನ ಮಗುವಿನ ಗೊಡವೆಯಿಲ್ಲ. ದಣಿದವರಿಗೆ ವಿಶ್ರಾಂತಿ ಬೇಕೆಂಬುದು ತಪ್ಪಲ್ಲ. ಅದನ್ನು ಮಗುವಿನ ಖಾತೆಗೆ ಬರೆಯುವುದು ತಪ್ಪು.

ಏಕೆಂದರೆ ಇದೇ ಮಗುವು ಊರಿನಲ್ಲಿ ದುರ್ಗದ ಬೈಲಿಗೆ ಹೋಗಿ ಒಂದು ಕಟ್ಟು ಕೊತ್ತಂಬರಿ ತಂದಿಲ್ಲ. ಹುಬ್ಬಳ್ಳಿಯಿಂದ ಧಾರವಾಡಕ್ಕೆ ಪ್ರತ್ಯೇಕ ಪಥದಲ್ಲಿ ಓಡುವ ಚಿಗರಿ ಬಸ್ಸಿನಲ್ಲಿ ಅಣ್ಣನ ಜೊತೆಗೂ ಕುಳಿತಿಲ್ಲ. ಎರಡು ಓಣಿ ಆಚೆಯ ಬಸದಿಗೂ ಕಾರಿನಲ್ಲೇ ಹೋಗಿ ಬರುತ್ತದೆ. ಅಂಗಡಿಯ ಗುಮಾಸ್ತನಿಗೆ ಚೆಕ್ಕಿನ ಮೇಲೆ ಸಹಿ ಹಾಕುವ ಅಧಿಕಾರ ಕೊಡುವ ಮುನ್ನ ಯಾವ ವ್ಯಾಪಾರಿಯಾದರೂ ವರ್ಷಗಟ್ಟಲೆ ಚಿಲ್ಲರೆ ನಗದನ್ನು ಅವನ ಕೈಗೆ ಕೊಟ್ಟು ನೋಡುತ್ತಾನೆ. ಮಗುವಿನ ವಿಷಯದಲ್ಲಿ ಮಾತ್ರ ಚಿಲ್ಲರೆಯನ್ನು ಕೊಡದೆ ನೇರವಾಗಿ ಸಹಿಯನ್ನೇ ಕೊಡಲಾಗುತ್ತಿದೆ, ಅದೂ ಸಾವಿರಾರು ಅಪರಿಚಿತರು, ಮದ್ಯದಂಗಡಿ, ಜೂಜಿನ ಕೋಣೆ ಒಂದೇ ಸೂರಿನಡಿ ಇರುವ ಜಾಗದಲ್ಲಿ. ಎಲ್ಲ ಹಡಗುಗಳ ಈಜುಕೊಳದ ಬಳಿ ಜೀವರಕ್ಷಕರೂ ಇರುವುದಿಲ್ಲ.

ಇನ್ನು ಆಹಾರದ ಮಾತು. ಕೂಟಕ್ಕೆ ಸೇರಿಸುವಾಗ ತುಂಬಬೇಕಾದ ಪತ್ರದಲ್ಲಿ ಮಗುವಿಗೆ ಒಗ್ಗದ ಪದಾರ್ಥಗಳನ್ನು, ಇರುವ ಕಾಯಿಲೆಗಳನ್ನು ಬರೆಯುವ ಅಂಕಣವಿರುತ್ತದೆ. ಪಾಲಕರು ಅಲ್ಲಿಯೇ ‘ಜೈನ’ ಎಂದು ಬರೆದು ನಿಶ್ಚಿಂತರಾಗುವುದುಂಟು. ನೆಲಗಡಲೆ ತಿಂದರೆ ಮೈಯೆಲ್ಲ ಊದುವ ಮಗುವಿನ ಸಾಲಿನಲ್ಲಿ ಕಂದಮೂಲ ತ್ಯಜಿಸಿದ ಮಗು! ಸಿಬ್ಬಂದಿಗೆ ತಿಳಿಸುವುದು ಅವಶ್ಯವೇ. ತಿಳಿಸದಿದ್ದರೆ ಅವರ ತಪ್ಪೇನೂ ಇಲ್ಲ. ಆದರೆ ತಿಳಿಸಬೇಕಾದ ಮೊದಲ ವ್ಯಕ್ತಿ ಮಗು. ಆಲೂಗಡ್ಡೆಯನ್ನು ಏಕೆ ಬಿಟ್ಟಿದ್ದೇವೆ, ಸೂರ್ಯಾಸ್ತದ ನಂತರ ಗೆಳೆಯರೆಲ್ಲ ಪಿಜ್ಜಾ ತಿನ್ನುವಾಗ ತಾನೇನು ಹೇಳಬೇಕು ಎಂಬುದನ್ನು ಮಗುವಿನೊಡನೆ ಕುಳಿತು ಮಾತನಾಡಿದ ಮನೆಗಳು ಎಷ್ಟಿವೆ? ಸಿಬ್ಬಂದಿಯು ಕಾದ ನಿಯಮವು ಪಥ್ಯ. ತಟ್ಟೆ ಎದುರಿಗಿದ್ದು, ನೋಡುವವರು ಯಾರೂ ಇಲ್ಲದಾಗ ಮಗುವು ತಾನಾಗಿ ಬೇಡವೆಂದರೆ ಅದು ತ್ಯಾಗ. ಒಮ್ಮೆ ಬೇಕೆಂದು ತಿಂದು ಬಂದು ತಾಯಿಗೆ ಹೇಳಿದರೂ ಆ ಮನೆಯಲ್ಲಿ ಏನೋ ಸರಿಯಾಗಿದೆ ಎಂದೇ ತಿಳಿಯಬೇಕು. ತಿಂದು ಮುಚ್ಚಿಡುವ ಮಗುವಿನ ಮನೆಯಲ್ಲಿ ಮಾತ್ರ ಚಿಂತೆಗೆ ಕಾರಣವಿದೆ.

ಹಾಗೆಂದು ಮಗುವನ್ನು ಕೂಟಕ್ಕೆ ಕಳಿಸಲೇಬಾರದು, ಸೆರಗಿನಲ್ಲೇ ಕಟ್ಟಿಕೊಂಡಿರಬೇಕು ಎನ್ನುವ ಪಕ್ಷವೂ ಸಮಾಜದಲ್ಲಿ ಬಲವಾಗಿದೆ. ಈ ಪಕ್ಷದವರು ಶಾಸ್ತ್ರದ ಹೆಸರು ಹೇಳುತ್ತಾರಾದರೂ ಶಾಸ್ತ್ರವು ಅವರ ಕಡೆಗಿಲ್ಲ. ಜಿನಸೇನಾಚಾರ್ಯರ ಆದಿಪುರಾಣವು ಐದನೆಯ ವರ್ಷಕ್ಕೆ ಅಕ್ಷರಾಭ್ಯಾಸವನ್ನೂ ಗರ್ಭದಿಂದ ಎಂಟನೆಯ ವರ್ಷಕ್ಕೆ ಉಪನೀತಿ ಕ್ರಿಯೆಯನ್ನೂ ವಿಧಿಸುತ್ತದೆ. ಎಂಟು ವರ್ಷ ತುಂಬಿದ ಮನುಷ್ಯನು ಸಂಯಮಕ್ಕೆ ಅರ್ಹನೆಂಬುದು ಪರಂಪರೆಯ ಮಾತು. ಒಂಬತ್ತರ ಮಗುವಿಗೆ ಸಹಿ ಕೊಡಬಹುದೆಂದು ಕಂಪನಿಗಳು ಕಂಡುಕೊಳ್ಳುವ ಎಷ್ಟೋ ಶತಮಾನಗಳ ಮೊದಲೇ ಆಚಾರ್ಯರು ಎಂಟರ ಮಗುವಿಗೆ ವ್ರತವನ್ನು ಕೊಟ್ಟಿದ್ದರು. ವ್ರತವೆಂದರೆ ಯಾರೂ ಕಾಯದ ಜಾಗದಲ್ಲಿ ತನ್ನನ್ನು ತಾನು ಕಾಯುವುದೇ ಅಲ್ಲವೆ? ಮಗುವು ಅದಕ್ಕೆ ಅಸಮರ್ಥವೆನ್ನುವವರು ಉಪನೀತಿಯ ಸಮಾರಂಭಕ್ಕೆ ಛಾಯಾಗ್ರಾಹಕರನ್ನು ಕರೆಸುವ ಮುನ್ನ ಯೋಚಿಸಬೇಕು.

ಬಸದಿಗಳ ಟ್ರಸ್ಟುಗಳು ಇದರಲ್ಲಿ ತಮ್ಮ ಪಾಲನ್ನು ಮರೆಯುವಂತಿಲ್ಲ. ಬೇಸಿಗೆಯ ಧಾರ್ಮಿಕ ಶಿಬಿರಗಳಲ್ಲಿ ಮಕ್ಕಳು ಮೂಲಗುಣಗಳ ಹೆಸರುಗಳನ್ನು ಒಪ್ಪಿಸುತ್ತಾರೆ; ನೀರು ಸೋಸುವುದು, ಬಡಿಸುವುದು, ಉಗ್ರಾಣದ ಲೆಕ್ಕ ಬರೆಯುವುದು ಎಲ್ಲವೂ ಹಿರಿಯರದೇ. ಹತ್ತು ವರ್ಷದವರಿಗೆ ಒಂದು ದಿನದ ಉಗ್ರಾಣವನ್ನು ಬಿಟ್ಟುಕೊಟ್ಟರೆ ಬೇಳೆ ಹೆಚ್ಚುಕಡಿಮೆಯಾದೀತು, ಪಾಯಸಕ್ಕೆ ಬೆಲ್ಲ ಸಾಲದಾದೀತು; ಅಷ್ಟು ನಷ್ಟವನ್ನು ಟ್ರಸ್ಟಿನ ಖರ್ಚಿನಲ್ಲಿ ತೋರಿಸಲು ಯಾವ ಲೆಕ್ಕಪರಿಶೋಧಕನೂ ಆಕ್ಷೇಪಿಸಲಾರ. ಶಿಬಿರದ ಪ್ರವೇಶ ಪತ್ರದಲ್ಲಿ ಸಾಮಾನ್ಯವಾಗಿ ಪಾಲಕರ ಸಹಿಗೆ ಮಾತ್ರ ಗೆರೆ ಇರುತ್ತದೆ. ಮುಂದಿನ ಬೇಸಿಗೆಯ ಪತ್ರಗಳು ಅಚ್ಚಿಗೆ ಹೋಗುವ ಮುನ್ನ ಅದರ ಕೆಳಗೆ ಮಗುವಿನ ಸಹಿಗೂ ಒಂದು ಗೆರೆ, ಅದರ ಮೇಲೆ ತಾನು ಯಾವ ನಿಯಮವನ್ನು ಎಷ್ಟು ದಿನಕ್ಕೆ ಪಾಲಿಸುವೆನೆಂದು ಅದೇ ಬರೆಯಲು ಎರಡು ಸಾಲಿನ ಜಾಗ ಬಿಡಿಸಬಹುದು.