ಮೂರು ಸಾಲಿನ ಪತ್ರ

ಆರು ವರ್ಷ ಕೆಲಸ ಮಾಡಿದ ಕಂಪನಿಯಿಂದ ನನಗೆ ಸಿಕ್ಕಿದ್ದು ಮೂರು ಸಾಲು. ಇಂಥವರು ಇಂಥ ತಾರೀಖಿನಿಂದ ನಮ್ಮಲ್ಲಿದ್ದಾರೆ, ಹುದ್ದೆ ಅಸೋಸಿಯೇಟ್ ಕನ್ಸಲ್ಟೆಂಟ್, ಈ ಪತ್ರವನ್ನು ಅವರ ಕೋರಿಕೆಯ ಮೇರೆಗೆ ಕೊಡಲಾಗಿದೆ. ಕೆಳಗೆ ಸಹಿ ಕೂಡ ಇರಲಿಲ್ಲ, ‘ಕಂಪ್ಯೂಟರ್‌ನಿಂದ ತಯಾರಾದ ಪತ್ರ, ಸಹಿ ಬೇಕಿಲ್ಲ’ ಅಂತಿತ್ತು.

ಕೆನಡಾದ ಪಿ.ಆರ್.ಗೆ ಅರ್ಜಿ ಹಾಕುವವರಿಗೆ ಈ ಪತ್ರದಿಂದ ನಯಾಪೈಸೆ ಉಪಯೋಗ ಇಲ್ಲ. ಅವರು ಕೇಳೋದು ಸ್ಪಷ್ಟವಾಗಿದೆ: ಲೆಟರ್‌ಹೆಡ್ ಮೇಲೆ, ಕಂಪನಿಯ ವಿಳಾಸ, ಫೋನು, ಇಮೇಲ್ ಸಮೇತ, ಮೇಲಧಿಕಾರಿಯ ಅಥವಾ ಎಚ್‌ಆರ್‌ನ ಹೆಸರು, ಹುದ್ದೆ, ಸಹಿ. ಒಳಗೆ ನೀವು ನಿಭಾಯಿಸಿದ ಎಲ್ಲ ಹುದ್ದೆಗಳು, ಪ್ರತಿಯೊಂದರ ತಾರೀಖು, ವಾರಕ್ಕೆ ಎಷ್ಟು ಗಂಟೆ, ವರ್ಷದ ಸಂಬಳ ಮತ್ತು ಸೌಲಭ್ಯ. ಎಲ್ಲಕ್ಕಿಂತ ಮುಖ್ಯವಾಗಿ, ಏನು ಕೆಲಸ ಮಾಡಿದಿರಿ ಅನ್ನೋದು. ಯಾಕೆಂದರೆ ಅಲ್ಲಿ ಪ್ರತಿ ಉದ್ಯೋಗಕ್ಕೂ ಎನ್‌ಒಸಿ ಅನ್ನೋ ಪಟ್ಟಿಯಲ್ಲಿ ಒಂದು ಸಂಖ್ಯೆ ಇದೆ, ಅದರ ಜೊತೆಗೆ ಕೆಲಸಗಳ ವಿವರಣೆಯೂ ಇದೆ. (ನಮ್ಮ ಎಚ್‌ಆರ್ ಹುಡುಗನಿಗೆ ಎನ್‌ಒಸಿ ಅಂದಾಗ ‘ಹೋಮ್ ಲೋನ್‌ಗಾ ಸಾರ್?’ ಅಂದಿದ್ದ. ಅವನ ತಪ್ಪಲ್ಲ ಬಿಡಿ.) ಅಧಿಕಾರಿ ನೋಡೋದು ನಿಮ್ಮ ಹುದ್ದೆಯ ಹೆಸರನ್ನಲ್ಲ, ಆ ವಿವರಣೆಗೆ ನಿಮ್ಮ ಕೆಲಸ ಹೊಂದುತ್ತಾ ಅಂತ. ‘ಅಸೋಸಿಯೇಟ್ ಕನ್ಸಲ್ಟೆಂಟ್’ ಅಂದರೆ ಕೋಡ್ ಬರೆಯುವವನೋ, ಟೆಸ್ಟ್ ಮಾಡುವವನೋ, ಬರೀ ಮೀಟಿಂಗ್ ಮಾಡುವವನೋ? ನಮ್ಮ ಮನೆಯವರಿಗೇ ಗೊತ್ತಿಲ್ಲ, ಅವರಿಗೆ ಹೇಗೆ ಗೊತ್ತಾಗಬೇಕು?

ನಾನು ಆ ಮೂರು ಸಾಲಿನ ಜೊತೆ ಒಬ್ಬ ಸಹೋದ್ಯೋಗಿಯಿಂದ ಬಿಳಿ ಹಾಳೆಯಲ್ಲಿ ಬರೆಸಿದ ಪತ್ರ ಇಟ್ಟು ಕಳಿಸಿದೆ. ಅದರಲ್ಲಿ ಗಂಟೆ ಇರಲಿಲ್ಲ, ಸಂಬಳ ಇರಲಿಲ್ಲ. ಕಂಪನಿ ಯಾಕೆ ಸರಿಯಾದ ಪತ್ರ ಕೊಡಲಿಲ್ಲ ಅಂತ ನಾನು ಒಂದು ಮಾತೂ ಬರೆದಿರಲಿಲ್ಲ. ಕಡಿಮೆ ಬಿದ್ದರೆ ಕೇಳ್ತಾರೆ, ಆಮೇಲೆ ಕೊಟ್ಟರಾಯ್ತು ಅಂದುಕೊಂಡಿದ್ದೆ. ಕೇಳಲಿಲ್ಲ. ಕೇಳಬೇಕಾದ ಹಂಗು ಅವರಿಗಿಲ್ಲ, ಸಾಬೀತು ಮಾಡೋ ಹೊಣೆ ಅರ್ಜಿದಾರನದ್ದು. ಹೇಳಿದ ಕೆಲಸ ಮಾಡಿದ್ದೀರಿ ಅನ್ನೋದು ನಮಗೆ ಮನವರಿಕೆ ಆಗಿಲ್ಲ ಅಂತ ಉತ್ತರ ಬಂತು. ಆಗ ನನಗೆ 31. ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ ಒಂಟಿ ಅರ್ಜಿದಾರನಿಗೆ 29ರವರೆಗೆ ವಯಸ್ಸಿನ ಅಂಕ 110, 31ಕ್ಕೆ 99, 32ಕ್ಕೆ 94. ಮತ್ತೆ ಸಾಲಲ್ಲಿ ನಿಲ್ಲುವಷ್ಟರಲ್ಲಿ ನನ್ನ ಅಂಕ ಸಾಲದಾಯಿತು.

ಈಗ ಎಚ್‌ಆರ್ ಮಹಾಶಯರ ವಾದ ಕೇಳೋಣ. ಒಂದೇ ಪದ: ಪಾಲಿಸಿ. ಸ್ವಲ್ಪ ಒತ್ತಿದರೆ ಗೌಪ್ಯತೆ ಅಂತಾರೆ. ಅಲ್ಲ ಸ್ವಾಮಿ, ಇದೇ ನನ್ನ ಕೆಲಸವನ್ನು ಕ್ಲೈಂಟ್‌ಗೆ ಗಂಟೆ ಲೆಕ್ಕದಲ್ಲಿ ಮಾರುವಾಗ ನನ್ನ ರೆಸ್ಯೂಮೆಯನ್ನು ಚಿನ್ನದ ಚೌಕಟ್ಟಲ್ಲಿ ಇಟ್ಟು ತೋರಿಸ್ತೀರಿ. ಟೈಮ್‌ಶೀಟ್‌ನಲ್ಲಿ ಅರ್ಧರ್ಧ ಗಂಟೆಗೆ ಲೆಕ್ಕ ಕೇಳ್ತೀರಿ. ಅಪ್ರೈಸಲ್ ಬಂದರೆ ವರ್ಷವಿಡೀ ಏನು ಕಡಿದು ಕಟ್ಟೆ ಹಾಕಿದೆ ಅಂತ ಮೂರು ಪುಟ ನನ್ನಿಂದಲೇ ಬರೆಸ್ತೀರಿ. ಹೊಸಬರು ಸೇರುವಾಗ ಬ್ಯಾಕ್‌ಗ್ರೌಂಡ್ ವೆರಿಫಿಕೇಶನ್ ಹೆಸರಲ್ಲಿ ಅವರ ಹಳೇ ಕಂಪನಿಗಳ ಜಾತಕವನ್ನೆಲ್ಲ ಜಾಲಾಡ್ತೀರಿ. ಅದೇ ಮಾಹಿತಿಯನ್ನು ಕೆಲಸ ಮಾಡಿದವನೇ ಕೇಳಿದರೆ ಗೌಪ್ಯ!

ಕಾನೂನು ಇಲ್ವಾ ಅಂದರೆ, ಅದೊಂದು ದೊಡ್ಡ ತಮಾಷೆ. 1946ರ ಸ್ಥಾಯಿ ಆದೇಶಗಳ ಕಾಯ್ದೆಯಡಿ ಕೇಂದ್ರ ಸರ್ಕಾರ ಮಾಡಿದ ಮಾದರಿ ನಿಯಮಗಳಲ್ಲಿ, ಕೆಲಸ ಬಿಡಿಸಿದಾಗ ಅಥವಾ ನಿವೃತ್ತಿಯಾದಾಗ ಕಾಯಂ ಕಾರ್ಮಿಕನಿಗೆ ಸೇವಾ ಪ್ರಮಾಣಪತ್ರ ಪಡೆಯುವ ಹಕ್ಕಿತ್ತು. ಪೀಣ್ಯದ ಕಾರ್ಖಾನೆಯವನಾದರೆ ಅಷ್ಟಾದರೂ ಬಾಯಿ ಮಾಡಬಹುದಿತ್ತು. ನಮ್ಮ ರಾಜ್ಯ ಸರ್ಕಾರ ಐಟಿ ಕಂಪನಿಗಳಿಗೆ ಆ ಕಾಯ್ದೆಯಿಂದಲೇ 2014ರಲ್ಲಿ 5 ವರ್ಷ ವಿನಾಯಿತಿ ಕೊಟ್ಟಿತು, 2019ರಲ್ಲಿ ಮತ್ತೆ 5 ವರ್ಷ ಕೊಟ್ಟಿತು. ಜರ್ಮನಿಯಲ್ಲಿ ನೋಡಿ, ಕೆಲಸ ಬಿಡುವವನಿಗೆ ಕೆಲಸದ ಸ್ವರೂಪ ಮತ್ತು ಅವಧಿ ಬರೆದ ಪ್ರಮಾಣಪತ್ರ ಕೊಡಬೇಕು ಅಂತ ಅಲ್ಲಿನ ಉದ್ದಿಮೆ ಕಾಯ್ದೆಯ 109ನೇ ಕಲಮೇ ಹೇಳುತ್ತೆ. ಕೇಳಿದರೆ ಹೇಗೆ ಕೆಲಸ ಮಾಡಿದ ಅನ್ನೋದನ್ನೂ ಬರೆಯಬೇಕು. ಅಲ್ಲಿ ಅದು ಹಕ್ಕು. ಇಲ್ಲಿ ನಾವು ಎಚ್‌ಆರ್ ಟೇಬಲ್ಲಿಗೆ ಸ್ವೀಟ್ ಬಾಕ್ಸ್ ತಗೊಂಡು ಹೋಗ್ತೀವಿ.

ಬರೀ ಕಂಪನಿಗೆ ಬೈದರೆ ನನ್ನ ಬಾಯಿಗೆ ನ್ಯಾಯ ಆಗಲ್ಲ. ನಮ್ಮವರ ಬುದ್ಧಿಯೂ ಹೇಳಬೇಕು. ಕನ್ಸಲ್ಟೆಂಟ್ ಹತ್ತಿರ ಹೋಗಿ, ಎನ್‌ಒಸಿ ಪುಟದಲ್ಲಿರೋ ಸಾಲುಗಳನ್ನು ಹಾಗ್‌ಹಾಗೇ ಇಳಿಸಿ, ಯಾರದೋ ಸಹಿ ಹಾಕಿಸಿ ಕಳಿಸೋರು ಎಷ್ಟು ಜನ! ಆ ಅಧಿಕಾರಿ ದಿನಾ ಅದೇ ಪುಟ ಇಟ್ಟುಕೊಂಡು ಕೂತಿರ್ತಾನೆ ಮಾರಾಯ್ರೆ, ಅವನಿಗೆ ಕಾಪಿ ಗೊತ್ತಾಗಲ್ವಾ? ನಕಲಿ ಪತ್ರ ಅಂತ ತೀರ್ಮಾನವಾದರೆ ಅಲ್ಲಿನ ವಲಸೆ ಕಾಯ್ದೆಯ 40ನೇ ಕಲಮಿನಡಿ 5 ವರ್ಷ ನಿಷೇಧ. ಬರೀ ತಿರಸ್ಕಾರ ಆದವನು ಮರುದಿನ ಮತ್ತೆ ಪ್ರೊಫೈಲ್ ಹಾಕಬಹುದು, ಇವನು ಹಾಕುವಂತಿಲ್ಲ. ಇಂಥವರ ದೆಸೆಯಿಂದ ನಿಜ ಬರೆದವರ ಪತ್ರವನ್ನೂ ಅನುಮಾನದಿಂದ ನೋಡುವಂತಾಗಿದೆ.

ಹಾಗಾದರೆ ಏನು ಮಾಡೋದು? ಆಹ್ವಾನ ಬಂದ ಮೇಲೆ ಸಿಗೋದು 60 ದಿನ, ಅದರಲ್ಲಿ ಎಚ್‌ಆರ್ ಜೊತೆ ಗುದ್ದಾಡೋಕಾಗಲ್ಲ. ಪತ್ರವನ್ನು ಪ್ರೊಫೈಲ್ ಹಾಕುವ ಮೊದಲೇ ಕೇಳಿ. ಬಾಯಲ್ಲಿ ಕೇಳಬೇಡಿ, ಮೇಲ್ ಮಾಡಿ. ಕೊಡಲ್ಲ ಅಂದರೆ ಆ ‘ಕೊಡಲ್ಲ’ ಅನ್ನೋ ಉತ್ತರವೇ ನಿಮ್ಮ ದಾಖಲೆ. ಆಮೇಲೆ ನಿಮ್ಮ ಕೆಲಸ ಕಣ್ಣಾರೆ ಕಂಡ ಮ್ಯಾನೇಜರ್ ಹತ್ತಿರ, ಅವರ ಹುದ್ದೆ, ಫೋನು, ಆಫೀಸ್ ಇಮೇಲ್ ಸಹಿತ ಕೆಲಸದ ವಿವರ ಬರೆಸಿ, ಮೇಯೊ ಹಾಲ್ ಕೋರ್ಟಿನ ಹತ್ತಿರ ನೋಟರಿ ಮಾಡಿಸಿ. ಆ ಮೂರು ಸಾಲಿನ ಪತ್ರವನ್ನೂ ಇಡಿ. ಆಫರ್ ಲೆಟರ್, ಬಡ್ತಿ ಪತ್ರ, ಸಂಬಳದ ಚೀಟಿ, ಫಾರ್ಮ್ 16, ಪಿಎಫ್ ಪಾಸ್‌ಬುಕ್ ಎಲ್ಲ ಸೇರಿಸಿ. ಎಲ್ಲದರ ಮೇಲೆ ನಾನು ಬರೆಯದೇ ಹೋದ ಆ ಒಂದು ಪುಟ: ಸರಿಯಾದ ಪತ್ರ ಯಾಕಿಲ್ಲ, ಅದರ ಬದಲು ಏನಿಟ್ಟಿದ್ದೀನಿ. ಕೆಲಸದ ವಿವರ ನಿಮ್ಮ ಮಾತಲ್ಲೇ ಇರಲಿ, ಯಾವ ಸಿಸ್ಟಂ, ಏನು ಕಟ್ಟಿದಿರಿ ಅಂತ. ಇಷ್ಟು ಮಾಡಿದರೂ ಗ್ಯಾರಂಟಿ ಇಲ್ಲ, ಆದರೆ ನನ್ನ ಹಾಗೆ ಸುಮ್ಮನೆ ಕೂತು ಸೋಲಲ್ಲ.

ಈಗ ನಾನೂ ಮ್ಯಾನೇಜರ್, ಬೇರೆ ಕಂಪನಿಯಲ್ಲಿ. ಹೋದ ತಿಂಗಳು ನಮ್ಮ ಟೀಮಿನ ಹುಡುಗಿ ಊಟದ ಹೊತ್ತಲ್ಲಿ ಬಂದು, ‘ಎಚ್‌ಆರ್ ಪಾಲಿಸಿ ಇಲ್ಲ ಅಂದ್ರು, ನೀವು ಬರೆದುಕೊಡ್ತೀರಾ?’ ಅಂದಳು. ವೈಯಕ್ತಿಕವಾಗಿ ಇಂಥ ಪತ್ರ ಕೊಡಬಾರದು ಅಂತ ನಮಗೆಲ್ಲ ಒಂದು ಮೇಲ್ ಬಂದಿದೆ. ನಿಜ ಹೇಳಬೇಕಂದ್ರೆ ಎರಡು ದಿನ ನಾನೂ ಹಿಂದೆ ಮುಂದೆ ನೋಡಿದೆ. ಮನೆ ಸಾಲ ಇದೆ, ಅಪ್ರೈಸಲ್ ಹತ್ತಿರ ಇದೆ. ಕೊನೆಗೆ ಶನಿವಾರ ಕೂತು ಬರೆದೆ. ಪೇಮೆಂಟ್ ಫೇಲಾದಾಗ ಹಣ ವಾಪಸ್ ಹೋಗೋ ಭಾಗವನ್ನು ಇವಳೇ ಮೊದಲಿಂದ ಬರೆದಳು, ರಾತ್ರಿ ಪಾಳಿಯಲ್ಲಿ ಅದು ಕೆಟ್ಟರೆ ಇವಳೇ ಎದ್ದು ಸರಿ ಮಾಡ್ತಿದ್ದಳು. ಒಂದು ಪುಟ ತುಂಬಿತು, ಇನ್ನೂ ಬರೆಯೋದಿತ್ತು.

ಸಹಿ ಹಾಕುವಾಗ ಅವಳೇ ಒಂದು ಖಾಲಿ ಜಾಗ ತೋರಿಸಿದಳು. ‘ವಾರಕ್ಕೆ ಎಷ್ಟು ಗಂಟೆ ಅಂತ ಬರೀಬೇಕು. ಆಫರ್ ಲೆಟರ್‌ನಲ್ಲಿ 40 ಇದೆ.’ ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕೆವು. 40 ಅಂತಲೇ ಬರೆದೆ.