ಹಳೆಯ ರೂಪಾಯಿಯ ಕಿರುಭೇದಗಳು

ಕಳೆದ ತಿಂಗಳು ನಮ್ಮ ಅತ್ತೆಯವರು ಊರಿನಿಂದ ಬಂದವರು, ಚೀಲದ ತಳದಿಂದ ಒಂದು ಬಟ್ಟೆಯ ಗಂಟನ್ನು ತೆಗೆದು ನಮ್ಮ ಮುಂದಿಟ್ಟರು. ಬಿಚ್ಚಿ ನೋಡಲು, ಅದರಲ್ಲಿ ಮೂವತ್ತೊಂದು ಬೆಳ್ಳಿಯ ರೂಪಾಯಿಗಳಿದ್ದವು. "ಅಳಿಯಂದಿರೇ, ಮಳೆಗಾಲಕ್ಕೆ ಮುಂಚೆ ಮನೆಗೆ ಹೆಂಚು ಹೊದಿಸಬೇಕಾಗಿದೆ. ಬೆಳ್ಳಿಗೆ ಈಗ ಒಳ್ಳೆಯ ಬೆಲೆ ಬಂದಿದೆಯಂತೆ. ಇವನ್ನು ಚಿನಿವಾರರಿಗೆ ಕೊಟ್ಟು ಬನ್ನಿ" ಎಂದರು. ಕೆಲಸವು ಸುಲಭವಾದುದೇ, ತೂಕ ಮಾಡಿಸಿ ಹಣವನ್ನು ಎಣಿಸಿಕೊಂಡು ಬಂದರೆ ತೀರಿತು. ಆದರೆ ಮೂಸೆಗೆ ಬಿದ್ದ ನಾಣ್ಯವು ಮತ್ತೆ ನಾಣ್ಯವಾಗಿ ಹಿಂದಿರುಗಿ ಬರುವುದಿಲ್ಲವಷ್ಟೆ. ಆದುದರಿಂದ ಒಂದು ವಾರದ ಅವಧಿಯನ್ನು ಬೇಡಿಕೊಂಡೆವು. ಆ ವಾರದಲ್ಲಿ ನಾವು ಕಲಿತುದನ್ನೂ ಕೆಡಿಸಿದುದನ್ನೂ, ನಾಣ್ಯಸಂಗ್ರಹದ ಹವ್ಯಾಸವನ್ನು ಹೊಸದಾಗಿ ಕೈಕೊಳ್ಳುವ ವಾಚಕರಿಗೆ ಈ ಸಲ ಅರಿಕೆ ಮಾಡುವೆವು.

ರೂಪಾಯಿಗಳನ್ನು ಇಸವಿಯ ಕ್ರಮದಲ್ಲಿ ಜೋಡಿಸಿದಾಗ ಮೊದಲು ಕಂಡ ವಿಚಿತ್ರವೇನೆಂದರೆ, ಅವುಗಳಲ್ಲಿ ಹನ್ನೆರಡರ ಮೇಲೆ 1862 ಎಂಬ ಒಂದೇ ಇಸವಿಯಿತ್ತು. ಆ ವರ್ಷ ಅಜ್ಜಿಯ ಮನೆತನಕ್ಕೆ ನಿಧಿಯೇನಾದರೂ ದೊರಕಿತ್ತೋ ಎಂದು ನಮ್ಮ ಮಗಳು ಕೇಳಿದಳು. ನಿಜಸ್ಥಿತಿಯು ಬೇರೆ. 1858ರಲ್ಲಿ ಕಂಪೆನಿಯ ಆಳಿಕೆಯು ಮುಗಿದು ವಿಕ್ಟೋರಿಯಾ ರಾಣಿಯ ಆಳಿಕೆಯು ಬಂದ ತರುವಾಯ, 1862ರಲ್ಲಿ ಹೊಸ ಮಾದರಿಯ ರೂಪಾಯಿಯು ಹೊರಟಿತು. ಅಲ್ಲಿಂದ 1874ರ ವರೆಗೆ ಟಂಕಸಾಲೆಗಳು ರೂಪಾಯಿಯ ಇಸವಿಯನ್ನು ಬದಲಾಯಿಸದೆ 1862 ಎಂದೇ ಒತ್ತುತ್ತ ಬಂದವು. ಹೀಗಾಗಿ ಹತ್ತು ಹನ್ನೆರಡು ವರ್ಷಗಳ ನಾಣ್ಯಗಳೆಲ್ಲ ಒಂದೇ ದಿನ ಹುಟ್ಟಿದವುಗಳಂತೆ ತೋರುತ್ತವೆ. ಚಿನಿವಾರನ ತಕ್ಕಡಿಗೆ ಅವೆಲ್ಲ ಒಂದೇ; ತಲೆಗೊಂದು ತೊಲ. ಆದರೆ ಕಣ್ಣಿಗೆ ಒಂದೇ ಅಲ್ಲ.

ಹಾಗೆಂದು ಗ್ರಂಥಗಳಲ್ಲಿ ಓದಿದ್ದೆವೇ ಹೊರತು, ನಮ್ಮ ಕಣ್ಣಿಗೆ ಮೊದಲ ದಿನ ಏನೂ ಕಾಣಲಿಲ್ಲ. ಭೂತಕನ್ನಡಿಯನ್ನು ಹಿಡಿದು ಒಂದು ನಾಣ್ಯವನ್ನು ನೋಡಿ ಕೆಳಗಿಡುವುದು, ಇನ್ನೊಂದನ್ನು ಎತ್ತಿಕೊಳ್ಳುವುದು. ಅಷ್ಟರಲ್ಲಿ ಮೊದಲನೆಯದು ಮರೆತುಹೋಗುವುದು. ಹೊಸಬರೆಲ್ಲರೂ ಮಾಡುವ ತಪ್ಪು ಇದೇ. ಸಾಯಂಕಾಲ ನಮ್ಮ ಮನೆಯವರು ಅಡಿಗೆಯ ಮನೆಯಿಂದ ಕೈಯೊರಸಿಕೊಂಡು ಬಂದು, ಎರಡು ರೂಪಾಯಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಕ್ಷಣಕಾಲ ನೋಡಿ, "ಈ ಇಬ್ಬರು ರಾಣಿಯರ ಉಡುಪು ಒಂದೇ ಅಲ್ಲ" ಎಂದರು. ಸೀರೆಯ ಅಂಗಡಿಯಲ್ಲಿ ಎರಡು ಅಂಚುಗಳನ್ನು ಒಂದರ ಮೇಲೊಂದಿಟ್ಟು ಹೋಲಿಸಿ ಪಳಗಿದ ಕಣ್ಣು ಅದು. ನಾವು ಭೂತಕನ್ನಡಿಯನ್ನು ಅವರಿಗೇ ಒಪ್ಪಿಸಿದೆವು.

ಅವರು ತೋರಿಸಿದ ಭೇದವು ಹೀಗಿದೆ. ರಾಣಿಯ ಉಡುಪಿನ ಎದೆಯ ಭಾಗದಲ್ಲಿ ಮೇಲಿನಿಂದ ಕೆಳಕ್ಕೆ ಇಳಿಯುವ ಕಸೂತಿಯ ಪಟ್ಟಿಯೊಂದಿರುವುದು. ಒಂದು ಅಚ್ಚಿನಲ್ಲಿ ಆ ಪಟ್ಟಿಯ ಅಂಕಣಗಳು ನಾಲ್ಕು ಪೂರ್ಣವಾಗಿವೆ. ಇನ್ನೊಂದರಲ್ಲಿ ನಾಲ್ಕನೆಯದು ಪೂರ್ತಿಯಾಗದೆ ಮೂರೂಮುಕ್ಕಾಲಕ್ಕೇ ನಿಂತಿದೆ. ಹಿಮ್ಮುಖದಲ್ಲಿಯೂ ಇಂತಹದೇ ಒಂದು ಗುರುತುಂಟು. ಅಕ್ಷರಗಳನ್ನು ಸುತ್ತುವರಿದಿರುವ ಹೂಬಳ್ಳಿಯ ಮೇಲ್ತುದಿಯ ಹೂವು ಕೆಲವುಗಳಲ್ಲಿ ದೊಡ್ಡದು. ಅದರ ಎರಡು ದೊಡ್ಡ ಎಸಳುಗಳು ನೀಳವಾಗಿ ಕೆಳಕ್ಕೆ ಬಾಗಿವೆ. ಬೇರೆ ಕೆಲವುಗಳಲ್ಲಿ ಹೂವು ಚಿಕ್ಕದಾಗಿ, ಎಸಳುಗಳು ಗಿಡ್ಡವಾಗಿ ಅಡ್ಡಕ್ಕೆ ಚಾಚಿವೆ. ಅಚ್ಚುಗಳು ಸವೆಯುವುದೂ, ಅವುಗಳ ಸ್ಥಾನದಲ್ಲಿ ಹೊಸ ಅಚ್ಚನ್ನು ಕೆತ್ತುವುದೂ ಟಂಕಸಾಲೆಯಲ್ಲಿ ನಿತ್ಯದ ಕೆಲಸ; ಕೆತ್ತುವವನ ಕೈ ಕೂದಲೆಳೆಯಷ್ಟು ಸರಿದರೂ ಸಾಕು, ಲಕ್ಷಾಂತರ ನಾಣ್ಯಗಳು ಆ ಸರಿದಾಟವನ್ನು ಹೊತ್ತು ಹೊರಗೆ ಬರುತ್ತವೆ.

ಮೂರನೆಯ ಗುರುತು ಚುಕ್ಕೆ. 1862 ಎಂಬ ಅಂಕೆಗಳ ಕೆಳಗೆ, ಕೆಲವುಗಳಲ್ಲಿ ಮೇಲೆಯೂ, ಸಾಸಿವೆಗಿಂತಲೂ ಸಣ್ಣದಾದ ಚುಕ್ಕೆಗಳಿರುವುವು. ಇವು ಮುಂಬಯಿಯ ಟಂಕಸಾಲೆಯವೆಂದೂ, ಬದಲಾಗದ ಇಸವಿಯ ನಡುವೆ ವರ್ಷವನ್ನು ಗುರುತಿಸಲು ಇಟ್ಟವೆಂದೂ ನಾಣ್ಯಶಾಸ್ತ್ರಜ್ಞರು ಹೇಳುತ್ತಾರೆ. ಇಲ್ಲಿಯೇ ನಮ್ಮ ಅಪರಾಧವನ್ನು ಒಪ್ಪಿಕೊಳ್ಳಬೇಕಾಗಿದೆ. ಒಂದು ರೂಪಾಯಿಯು ಮಸಿಯಂತೆ ಕಪ್ಪಾಗಿದ್ದಿತು. ಪೂಜೆಯ ಬೆಳ್ಳಿಯನ್ನು ಉಜ್ಜುವಂತೆಯೇ ವಿಭೂತಿಯನ್ನು ಹಾಕಿ, ಯಾರೂ ನೋಡದಿರುವಾಗ, ನಾವು ಅದನ್ನು ಚೆನ್ನಾಗಿ ತಿಕ್ಕಿದೆವು. ನಾಣ್ಯವು ಫಳಫಳನೆ ಹೊಳೆಯಿತು. ಮೊದಲೇ ಸವೆದಿದ್ದ ಚುಕ್ಕೆಗಳು ಮಾತ್ರ ಮೂರಿದ್ದವೋ ನಾಲ್ಕಿದ್ದವೋ ಎಂಬುದನ್ನು ಇನ್ನು ಯಾರೂ ಹೇಳಲಾರರು. ವಿಭೂತಿ, ಹುಣಿಸೆಹಣ್ಣು, ಹಲ್ಲುಪುಡಿ ಇವುಗಳಲ್ಲಿ ಯಾವುದನ್ನೂ ನಾಣ್ಯಕ್ಕೆ ಮುಟ್ಟಿಸಬಾರದು. ಮಣ್ಣು ಮೆತ್ತಿದ್ದರೆ ಬರಿಯ ನೀರಿನಲ್ಲಿ ನೆನೆಯಿಸಿ, ಉಜ್ಜದೆ, ಮೆತ್ತನೆಯ ಬಟ್ಟೆಯಲ್ಲಿ ಒತ್ತಿ ಆರಿಸತಕ್ಕದ್ದು. ಕಪ್ಪು ಅದರ ವಯಸ್ಸು, ಇರಲಿ.

ಚುಕ್ಕೆಯೆಂದು ಕಂಡುದೆಲ್ಲ ಚುಕ್ಕೆಯಲ್ಲ. ಹಿಂದಿನವರು ರೂಪಾಯಿಗೆ ಕೊಂಡಿಯನ್ನು ಬೆಸೆಸಿ ಸರಕ್ಕೆ ಪೋಣಿಸುತ್ತಿದ್ದರು. ಕೊಂಡಿಯು ಬಿದ್ದುಹೋದರೂ ಬೆಸುಗೆಯ ಹನಿಯು ಉಳಿದು ನಮ್ಮನ್ನು ಮರುಳುಮಾಡುತ್ತದೆ. ಅಂತಹ ರೂಪಾಯಿಯೊಂದು ನಮ್ಮ ಗಂಟಿನಲ್ಲಿಯೂ ಇದ್ದಿತು. ನಾವು ಅರ್ಧದಿನ ಅದನ್ನು ಅಪೂರ್ವವೆಂದೇ ತಿಳಿದಿದ್ದೆವು. ಅಚ್ಚಿನ ಚುಕ್ಕೆಯು ನಾಣ್ಯದ ಮೈಯಿಂದಲೇ ಉಬ್ಬಿರುತ್ತದೆ, ಬಣ್ಣವು ಬೇರೆಯಾಗಿರುವುದಿಲ್ಲ; ಬೆಸುಗೆಯ ಹನಿಯಾದರೋ ಚಿತ್ರದ ಮೇಲೆ ಹತ್ತಿ ಕುಳಿತಿರುತ್ತದೆ. ತಗ್ಗಾಗಿರುವ ಗುರುತಾದರೆ ಹೆಚ್ಚಾಗಿ ಪೆಟ್ಟು ಅಥವಾ ಗೀರು. ಸಂಶಯವು ಉಳಿದರೆ ಅದೇ ಗುರುತನ್ನು ಅದೇ ಸ್ಥಳದಲ್ಲಿ ಮತ್ತೊಂದು ನಾಣ್ಯದಲ್ಲಿ ಹುಡುಕಬೇಕು. ಅದು ಸಿಕ್ಕುವ ವರೆಗೆ ಸಂತೋಷವನ್ನು ಮುಂದಕ್ಕೆ ಹಾಕುವುದು ಲೇಸು.

ಕಣ್ಣನ್ನು ಪಳಗಿಸಲು 1911 ಮತ್ತು 1912ರ ರೂಪಾಯಿಗಳಿಗಿಂತ ಉತ್ತಮವಾದ ಜೋಡಿಯಿಲ್ಲ. ಐದನೆಯ ಜಾರ್ಜ್ ದೊರೆಯ ಮೇಲುಡುಪಿನ ಮೇಲಿರುವ ಪದವಿಯ ಸರದಲ್ಲಿ ಒಂದು ಪುಟ್ಟ ಆನೆಯುಂಟು. 1911ರ ಅಚ್ಚಿನಲ್ಲಿ ಸೊಂಡಿಲು ಮೊಟಕಾಗಿ ಅದು ಹಂದಿಯಂತೆ ಕಂಡಿತು. ಜನರಲ್ಲಿ, ಮುಖ್ಯವಾಗಿ ಮುಸಲ್ಮಾನರಲ್ಲಿ, ಅಸಮಾಧಾನವು ಹುಟ್ಟಿದುದರಿಂದ ಸರಕಾರವು ಆ ನಾಣ್ಯವನ್ನು ತಡೆಹಿಡಿದು ಬಹುಪಾಲನ್ನು ಕರಗಿಸಿ, 1912ರಲ್ಲಿ ಸೊಂಡಿಲನ್ನೂ ಕಿವಿಯನ್ನೂ ತಿದ್ದಿ ಹೊಸ ಅಚ್ಚನ್ನು ಮಾಡಿಸಿತು. ನಮ್ಮ ಗಂಟಿನಲ್ಲಿ 1911ರದು ಒಂದು, 1912ರವು ಮೂರು ಇದ್ದವು. ಮಗಳಿಗೆ ಏನೂ ಹೇಳದೆ ಕನ್ನಡಿಯನ್ನು ಕೊಟ್ಟೆವು. "ಅಪ್ಪಾ, ರಾಜನ ಮೈಮೇಲೆ ಹಂದಿ ಯಾಕಿದೆ?" ಎಂದು ಅವಳೇ ಕೇಳಿದಳು. 1912ರ ಮೂರರಲ್ಲಿ ಎರಡರ ಹಿಮ್ಮುಖದ ಕೆಳಗಡೆ, ತಾವರೆಯ ಕೆಳಗೆ, ಸಣ್ಣ ಚುಕ್ಕೆಯಿದ್ದಿತು, ಅವು ಮುಂಬಯಿಯವು. ಚುಕ್ಕೆಯಿಲ್ಲದುದು ಕಲ್ಕತ್ತೆಯದು.

ಇಂತಹ ಗಂಟು ಎಲ್ಲರ ಮನೆಯಲ್ಲಿಯೂ ಇರಲಾರದು. ಈಗಿನ ನಾಣ್ಯಗಳಲ್ಲಿಯೇ ಅಭ್ಯಾಸವನ್ನು ಆರಂಭಿಸಬಹುದು. ಇಸವಿಯ ಕೆಳಗೆ ವಜ್ರದ ಆಕಾರವಿದ್ದರೆ ಮುಂಬಯಿ, ನಕ್ಷತ್ರವಿದ್ದರೆ ಹೈದರಾಬಾದು, ದುಂಡು ಚುಕ್ಕೆಯಿದ್ದರೆ 1988ರಲ್ಲಿ ಕೆಲಸವನ್ನು ಆರಂಭಿಸಿದ ನೋಯ್ಡಾ, ಏನೂ ಇಲ್ಲದಿದ್ದರೆ ಕಲ್ಕತ್ತೆ. ತರಕಾರಿಯವಳು ಕೊಟ್ಟ ಚಿಲ್ಲರೆಯಲ್ಲಿ ನಾಲ್ಕೂ ಸಿಕ್ಕುತ್ತವೆ.

ಬೆಲೆಯ ವಿಷಯವಾಗಿ ಒಂದು ಮಾತು. ಹಳೆಯ ನಾಣ್ಯಕ್ಕೆ ಲಕ್ಷಾಂತರ ರೂಪಾಯಿ ಕೊಡುವೆವೆಂದು ಹೇಳಿ, ಮೊದಲು ಶುಲ್ಕವನ್ನು ಕಳುಹಿಸಿರೆಂದು ಕೇಳುವವರು ಈಗ ಬಹಳ. ಅಂತಹ ವಂಚಕರು ತನ್ನ ಹೆಸರನ್ನೇ ಬಳಸುತ್ತಿರುವರೆಂದು ರಿಸರ್ವ್ ಬ್ಯಾಂಕು 2021ರಲ್ಲಿ ಎಚ್ಚರಿಸಿತ್ತು. 1862ರ ರೂಪಾಯಿಗಳು ಅಪಾರವಾಗಿ ಒತ್ತಲ್ಪಟ್ಟವು. ಅವುಗಳಲ್ಲಿ ಸಾಮಾನ್ಯವಾದವಕ್ಕೆ ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚು ದೊರೆತರೆ ಅದೇ ದೊಡ್ಡದು. 1911ರದಕ್ಕೆ ಅದಕ್ಕಿಂತ ಮೇಲು.

ಎಂಟನೆಯ ದಿನ ಭೇದಕ್ಕೊಂದರಂತೆ ಒಂಬತ್ತು ರೂಪಾಯಿಗಳನ್ನು ತೆಗೆದಿರಿಸಿ, ಅವುಗಳ ಬೆಳ್ಳಿಯ ಬೆಲೆಯನ್ನು ನಾವೇ ಅತ್ತೆಯವರಿಗೆ ಕೊಟ್ಟೆವು. 1911ರದಕ್ಕೆ ತಿಳಿದವರೊಬ್ಬರನ್ನು ಕೇಳಿ ಮೇಲಿನ ಹಣವನ್ನೂ ಸೇರಿಸಿದೆವು. ಉಳಿದ ಇಪ್ಪತ್ತೆರಡನ್ನು ಗಂಟು ಕಟ್ಟಿ ಚಿನಿವಾರರಲ್ಲಿಗೆ ಹೊರಟೆವು. ಅತ್ತೆಯವರು ಬಾಗಿಲಿನಲ್ಲಿ ತಡೆದು, ಗಂಟನ್ನು ಬಿಚ್ಚಿ, ಬೆಸುಗೆಯ ಹನಿಯಿದ್ದ ಆ ರೂಪಾಯಿಯನ್ನು ಬೆರಳಿನಿಂದಲೇ ತಡವಿ ಹುಡುಕಿ ತೆಗೆದರು. "ಇದು ನಮ್ಮಮ್ಮನ ಸರದ್ದು. ಇದೊಂದು ಇರಲಿ" ಎಂದರು. ಇಪ್ಪತ್ತೊಂದರ ಹಣಕ್ಕೆ ನಾವು ಕೊಟ್ಟುದನ್ನೂ ಸೇರಿಸಿ, ಮೊನ್ನೆ ಹೆಂಚಿನ ಗಾಡಿಯು ಊರನ್ನು ಸೇರಿತಂತೆ.